ಬಾರಕೂರಿನ ಅಕ್ಕಿ: ನೆಲ, ವಾಣಿಜ್ಯ, ಆರೋಗ್ಯ

೧

ತುಳುನಾಡಿನ ಚರಿತ್ರೆಯನ್ನು ಬರೆದ ವಿದ್ವಾಂಸರಲ್ಲಿ ಬಾರಕೂರನ್ನು ಬಿಟ್ಟು ಮುಂದುವರಿದವರಿಲ್ಲ. ಗಣಪತಿ ರಾವ್ ಐಗಳರು, ೧೯೩೬ರಲ್ಲಿ ತುಳುವ ಚರಿತ್ರೆಯನ್ನು ಪ್ರಕಟಿಸಿದ ಬಿ. ಎ. ಸಾಲೆತ್ತೂರರು, ೧೯೭೦ರಲ್ಲಿ ದಕ್ಷಿಣ ಕನ್ನಡದ ಇತಿಹಾಸವನ್ನು ಬರೆದ ಕೆ. ವಿ. ರಮೇಶರು, ೧೯೭೫ರಲ್ಲಿ ತುಳುವ ಸಂಸ್ಕೃತಿಯ ಬೃಹದ್ಗ್ರಂಥವನ್ನು ಹೊರತಂದ ಪಿ. ಗುರುರಾಜ ಭಟ್ಟರು, ಇವರೆಲ್ಲರೂ ಈ ಊರಿನ ಅರಸುಮನೆತನಗಳನ್ನೂ ಶಾಸನಗಳನ್ನೂ ದೇವಾಲಯಗಳನ್ನೂ ಕುರಿತು ವಿಸ್ತಾರವಾಗಿ ವಿಚಾರಮಾಡಿದ್ದಾರೆ. ಶಾಸನಗಳಲ್ಲಿ ಬಾರಕೂರು, ಬಾರಕನ್ಯಾಪುರ ಎಂದು ಕಾಣಿಸುವ ಈ ಊರು ಈಗ ಬಾರ್ಕೂರು ಎಂಬ ಹೆಸರಿನಿಂದ ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿಗೆ ಸೇರಿದೆ. ಕತ್ತಲೆ ಬಸದಿ, ಪಂಚಲಿಂಗೇಶ್ವರ ದೇವಾಲಯ, ಚೌಳಿಕೇರಿಯ ಗುಡಿ, ಕೋಟೆಯ ಅವಶೇಷಗಳು ಇಂದಿಗೂ ಪೂರ್ವವೈಭವಕ್ಕೆ ಸಾಕ್ಷಿಯಾಗಿ ನಿಂತಿವೆ. ದಿನಕ್ಕೊಂದರಂತೆ ಇಲ್ಲಿ ೩೬೫ ದೇವಾಲಯಗಳಿದ್ದುವೆಂಬ ಐತಿಹ್ಯವು ಜನರ ಬಾಯಲ್ಲಿ ಉಳಿದುಬಂದಿದೆ.

ಅಷ್ಟು ದೇವಾಲಯಗಳಿದ್ದುವೋ ಇಲ್ಲವೋ, ಇದ್ದವುಗಳ ನೈವೇದ್ಯಕ್ಕೂ, ಕೋಟೆಯ ಕಾವಲುಗಾರರ ಊಟಕ್ಕೂ, ಬಂದರಿಗೆ ಬರುತ್ತಿದ್ದ ಹಡಗುಗಳ ಸರಕಿಗೂ ಆಧಾರವಾಗಿದ್ದ ವಸ್ತು ಒಂದೇ. ಅದು ಅಕ್ಕಿ. ರಾಜಕೀಯ ಚರಿತ್ರೆಯಲ್ಲಿ ಅಕ್ಕಿಯು ತೆರಿಗೆಯ ಪ್ರಕರಣದಲ್ಲಿ ಒಮ್ಮೆ, ವಾಣಿಜ್ಯದ ಪ್ರಕರಣದಲ್ಲಿ ಒಮ್ಮೆ ಬಂದು ಹೋಗುತ್ತದೆ. ಉಂಡವರ ದೇಹಕ್ಕೆ ಅದರಿಂದ ಏನಾಯಿತೆಂಬ ವಿಚಾರವು ವೈದ್ಯಶಾಸ್ತ್ರಕ್ಕೆ ಬಿಟ್ಟದ್ದೆಂದು ಎಣಿಸಲ್ಪಟ್ಟಿದೆ. ವಾಸ್ತವವಾಗಿ ಈ ಮೂರನ್ನೂ ಬೇರೆಬೇರೆಯಾಗಿ ನೋಡಿದರೆ ಬಾರಕೂರು ಸೀಮೆಯ ಚರಿತ್ರೆಯಲ್ಲಿ ಮುಖ್ಯವಾದುದೊಂದು ಕೈತಪ್ಪಿಹೋಗುತ್ತದೆ. ಇಲ್ಲಿಯ ಮಳೆಯೇ ಇಲ್ಲಿಯ ಬೇಸಾಯವನ್ನೂ, ಭತ್ತವನ್ನು ಬೇಯಿಸಿ ಕುಟ್ಟುವ ಪದ್ಧತಿಯನ್ನೂ ನಿರ್ಣಯಿಸಿತು. ಆ ಪದ್ಧತಿಯೇ ಮುಂದೆ ಒಂದು ಘೋರರೋಗದಿಂದ ಜನರನ್ನು ಕಾಪಾಡಿತು. ಅರಸರೂ ವರ್ತಕರೂ ಬರೆಯಿಸಿದ ದಾಖಲೆಗಳಲ್ಲಿ ಈ ರಕ್ಷಣೆಯ ಮಾತು ಎಲ್ಲಿಯೂ ಇಲ್ಲ.

೨

ಮೊದಲು ನೆಲದ ಸ್ವರೂಪವನ್ನು ತಿಳಿಯಬೇಕು. ಸೀತಾನದಿಯು ಆಗುಂಬೆಯ ಬಳಿಯ ಘಟ್ಟಗಳಲ್ಲಿ ಹುಟ್ಟಿ, ಹೆಬ್ರಿಯ ಮಾರ್ಗವಾಗಿ ಇಳಿದು, ಬಾರಕೂರಿನ ಪಕ್ಕದಲ್ಲಿ ಹರಿದು ಹಂಗಾರಕಟ್ಟೆಯ ಬಳಿ ಸಮುದ್ರಮುಖವನ್ನು ಸೇರುತ್ತದೆ. ದಕ್ಷಿಣದಿಂದ ಬರುವ ಸುವರ್ಣಾ ನದಿಯೂ ಅಲ್ಲಿಯೇ ಬಂದು ಕೂಡುತ್ತದೆ. ಎರಡು ನದಿಗಳ ನೀರಿಗೂ ಸಮುದ್ರಕ್ಕೂ ನಡುವೆ ಕೋಡಿ ಬೆಂಗ್ರೆಯೆಂಬ ಮರಳಿನ ನಾಲಗೆಯು ಚಾಚಿಕೊಂಡಿದೆ. ಬಾರಕೂರು ಕಡಲ ತೀರದಲ್ಲಿರುವ ಊರಲ್ಲ. ಒಳನಾಡಿನಲ್ಲಿದ್ದು ನದಿಯ ಮೂಲಕ ಕಡಲನ್ನು ಮುಟ್ಟುವ ಊರು. ಆದಕಾರಣ ಗಾಳಿಯಿಂದಲೂ ಕಡಲುಗಳ್ಳರಿಂದಲೂ ಅದಕ್ಕೆ ಸ್ವಲ್ಪಮಟ್ಟಿನ ರಕ್ಷಣೆಯಿತ್ತು. ನದೀಮುಖದ ಮರಳು ಹೆಚ್ಚಿದಾಗ ಮಾತ್ರ ದೊಡ್ಡ ಹಡಗುಗಳಿಗೆ ಕಷ್ಟವಾಗುತ್ತಿತ್ತು.

ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು ನೂರೈವತ್ತು ಅಂಗುಲಗಳಷ್ಟು ಮಳೆ ಬೀಳುತ್ತದೆ. ಅದರ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುತ್ತದೆ. ನೀರು ನಿಲ್ಲುವ ಪ್ರಮಾಣಕ್ಕನುಸಾರವಾಗಿ ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ಮೂರು ವಿಧವಾಗಿ ವಿಂಗಡಿಸುವ ಕ್ರಮವು ಇಲ್ಲಿ ಬಹು ಹಳೆಯದು. ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆಯೆಂಬ ಮೂರು ಬೆಳೆಗಳನ್ನು ತೆಗೆಯುವುದುಂಟು, ಮಜಲಿನಲ್ಲಿ ಎರಡು, ಎತ್ತರದ ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ. ೧೮೦೧ರಲ್ಲಿ ಈ ದೇಶವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಈ ಭೇದಗಳನ್ನು ಗುರುತಿಸಿ ೧೮೦೭ರ ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಮಳೆಯು ಮಣ್ಣಿನ ಸಾರವನ್ನು ತೊಳೆದೊಯ್ಯುವ ಈ ಪ್ರದೇಶದಲ್ಲಿ ಗದ್ದೆಗೆ ಸೊಪ್ಪಿನ ಗೊಬ್ಬರವು ಅತ್ಯವಶ್ಯ. ಗದ್ದೆಯ ಸುತ್ತಲಿನ ನೂರು ಗಜದೊಳಗಣ ನೆಲದಿಂದ ಸೊಪ್ಪು ಸೌದೆಗಳನ್ನು ಪಡೆಯುವ ಕುಮ್ಕಿಯೆಂಬ ಹಕ್ಕು ಜಿಲ್ಲೆಯ ಭೂವ್ಯವಸ್ಥೆಯಲ್ಲಿ ಮನ್ನಣೆ ಪಡೆದುದು ಈ ಕಾರಣದಿಂದಲೇ. ಗದ್ದೆಯೊಂದನ್ನು ಅದರ ಪಕ್ಕದ ಹಾಡಿಯಿಂದ ಬೇರ್ಪಡಿಸಿ ಎಣಿಸುವಂತಿರಲಿಲ್ಲ. ಹಾಡಿಯು ಸೊಪ್ಪನ್ನು ಕೊಟ್ಟು ಭತ್ತವನ್ನು ಬೆಳೆಸಿತು. ಸೌದೆಯನ್ನು ಕೊಟ್ಟು ಅದೇ ಭತ್ತವನ್ನು ಬೇಯಿಸಿತು.

೩

ಆಳುಪರು ಉದ್ಯಾವರ, ಮಂಗಳೂರುಗಳ ತರುವಾಯ ಬಾರಕೂರನ್ನು ತಮ್ಮ ರಾಜಧಾನಿಯಾಗಿ ಮಾಡಿಕೊಂಡರು. ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ವೀರಪಾಂಡ್ಯನೂ ಆತನ ಬಳಿಕ ಬಲ್ಲಮಹಾದೇವಿಯೂ ಇಲ್ಲಿಂದ ಆಳಿದರು. ಹದಿನಾಲ್ಕನೆಯ ಶತಮಾನದ ನಡುವೆ ವಿಜಯನಗರದ ಆಧಿಪತ್ಯವು ಕರಾವಳಿಗೆ ಹಬ್ಬಿದಾಗ ತುಳುನಾಡು ಬಾರಕೂರು ರಾಜ್ಯ, ಮಂಗಳೂರು ರಾಜ್ಯ ಎಂದು ಎರಡಾಗಿ, ಒಂದೊಂದಕ್ಕೂ ರಾಯರ ಅಧಿಕಾರಿಗಳು ನೇಮಕವಾದರು. ಶಾಸನಗಳು ಬಾರಕೂರಿನ ಹತ್ತು ಕೇರಿಗಳನ್ನೂ ಅವುಗಳ ಹಲರನ್ನೂ ಸ್ಮರಿಸುತ್ತವೆ. ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಮೊದಲಾದ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ. ನಖರ, ಹಂಜಮಾನ ಎಂಬ ವರ್ತಕಸಂಘಗಳ ಹೆಸರುಗಳೂ ಕರಾವಳಿಯ ಶಾಸನಗಳಲ್ಲಿ ದೊರೆಯುತ್ತವೆ. ಇವುಗಳಲ್ಲಿ ಹಂಜಮಾನವು ಕಡಲಾಚೆಯಿಂದ ಬಂದ ವರ್ತಕರ ಸಂಘ. ಊರಿನ ಹೆಸರಿನಿಂದಲೇ ಬಾರಕೂರ ಗದ್ಯಾಣವೆಂಬ ನಾಣ್ಯವೂ ಚಲಾವಣೆಯಲ್ಲಿತ್ತು.

ದಾನಶಾಸನಗಳಲ್ಲಿ ಹೊನ್ನಿನ ಜೊತೆಗೆ ಅಕ್ಕಿಯ ಲೆಕ್ಕವು ಮತ್ತೆ ಮತ್ತೆ ಬರುತ್ತದೆ. ಅದರ ಅಳತೆ ಮೂಡೆ. ಈ ಮೂಡೆ ಅಥವಾ ಮುಡಿಯು ಬರಿಯ ಅಳತೆಯ ಹೆಸರಲ್ಲ. ಒಣಹುಲ್ಲನ್ನು ಹೊದಿಸಿ, ಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ ಅಕ್ಕಿಯ ಉಂಡೆಗೂ ಅದೇ ಹೆಸರು. ನಾಲ್ಕು ತಿಂಗಳ ಕಾಲ ಗಾಳಿಯೇ ಒದ್ದೆಯಾಗಿರುವ ನಾಡಿನಲ್ಲಿ ಧಾನ್ಯಕ್ಕೆ ಬೂಸಲು ಹಿಡಿಯದಂತೆ, ಹುಳು ಬೀಳದಂತೆ ಕಾಪಾಡುವ ಸಾಧನವಿದು. ಭತ್ತಕ್ಕೆ ತಿರಿ, ಅಕ್ಕಿಗೆ ಮುಡಿ. ಎರಡಕ್ಕೂ ಗದ್ದೆಯ ಹುಲ್ಲೇ ಸಾಮಗ್ರಿ. ಗೋದಾಮಿನಲ್ಲಿಯೂ ಹಡಗಿನಲ್ಲಿಯೂ ಹೊರಿಸಿ ಪೇರಿಸಲು ಅನುಕೂಲವಾದ ಈ ಮುಡಿಯು ಮನೆಯ ಸಂಗ್ರಹ, ಗೇಣಿಯ ಲೆಕ್ಕ, ಪೇಟೆಯ ವ್ಯಾಪಾರ ಮೂರಕ್ಕೂ ಸಲ್ಲುತ್ತಿತ್ತು.

೪

ವಿದೇಶೀಯರ ಬರೆಹಗಳಲ್ಲಿ ಬಾರಕೂರು ಫಾಕನೂರು, ಬಾಕನೂರು ಎಂಬ ರೂಪಗಳಲ್ಲಿ ಕಾಣಿಸಿಕೊಳ್ಳುತ್ತದೆ. ಮೊರೊಕ್ಕೊ ದೇಶದ ಯಾತ್ರಿಕನಾದ ಇಬ್ನ್ ಬತೂತನು ೧೩೪೨ರ ಸುಮಾರಿಗೆ ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆ ಹೊರಟವನು ಇಲ್ಲಿ ಮೂರು ರಾತ್ರಿ ಅತಿಥಿಯಾಗಿ ತಂಗಿದನು. ಬಾಸದೇವನೆಂದು ಅವನು ಕರೆಯುವ ಇಲ್ಲಿಯ ಅರಸನ ವಶದಲ್ಲಿ ಸುಮಾರು ಮೂವತ್ತು ಯುದ್ಧನೌಕೆಗಳಿದ್ದುವೆಂದೂ, ಅವುಗಳ ನಾಯಕನು ಲೂಲಾ ಎಂಬ ಮುಸಲ್ಮಾನನೆಂದೂ, ಹಾದುಹೋಗುವ ಹಡಗುಗಳೆಲ್ಲ ಇಲ್ಲಿ ಲಂಗರು ಹಾಕಿ ಬಂದರಿನ ಹಕ್ಕೆಂಬ ಕಾಣಿಕೆಯನ್ನು ಸಲ್ಲಿಸಬೇಕಾಗಿತ್ತೆಂದೂ ಅವನು ತಿಳಿಸುತ್ತಾನೆ. ಈ ಊರಿನ ಕಬ್ಬನ್ನು ಅವನು ಬಹಳವಾಗಿ ಹೊಗಳಿದ್ದಾನೆ. ಅನ್ನದ ವಿಷಯದಲ್ಲಿ ಅವನ ಮಾತು ಬೇರೆ. ಇದೇ ಕರಾವಳಿಯ ಹೊನ್ನಾವರದಲ್ಲಿ ಹನ್ನೊಂದು ತಿಂಗಳು ರೊಟ್ಟಿಯನ್ನು ಕಾಣದೆ ಅನ್ನವೊಂದನ್ನೇ ಉಂಡುದನ್ನು ಅವನು ಬೇಸರದಿಂದ ನೆನೆದಿದ್ದಾನೆ. ಗೋವೆಯಿಂದ ಕೊಲ್ಲಮ್ಮಿನ ವರೆಗೆ ಎರಡು ತಿಂಗಳ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ಛತ್ರವೂ ಕುಡಿಯುವ ನೀರಿನ ಬಾವಿಯೂ ನೀರು ಕೊಡುವ ಒಬ್ಬ ಮನುಷ್ಯನೂ ಇದ್ದನೆಂಬುದು ಅವನ ವರ್ಣನೆಯಲ್ಲಿ ಲಕ್ಷ್ಯಕ್ಕೆ ಬರಬೇಕಾದ ಇನ್ನೊಂದು ಅಂಶ. ಪ್ರಯಾಣಿಕರ ನೀರಿನ ವ್ಯವಸ್ಥೆಯು ಧರ್ಮಕಾರ್ಯವೂ ವ್ಯಾಪಾರಕ್ಕೆ ಅವಶ್ಯವಾದ ಅನುಕೂಲವೂ ಆಗಿದ್ದಿತು.

ಹದಿನಾರನೆಯ ಶತಮಾನದ ಮೊದಲ ಭಾಗದಲ್ಲಿ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೋಸನ ಬರೆಹದಲ್ಲಿ ಅಕ್ಕಿಯೇ ಪ್ರಧಾನ. ಬಾಕನೂರು ಮತ್ತು ಬಸರೂರುಗಳ ಸುತ್ತ ಒಳ್ಳೆಯ ಅಕ್ಕಿ ಹೇರಳವಾಗಿ ಬೆಳೆಯುತ್ತಿತ್ತೆಂದೂ, ಮಲೆಯಾಳದ ಹಡಗುಗಳೂ ಹೊರ್ಮುಜ್, ಏಡನ್ ಮುಂತಾದ ದೂರದ ಬಂದರುಗಳಿಗೆ ಹೋಗುವ ಹಡಗುಗಳೂ ಅದನ್ನು ತುಂಬಿಕೊಂಡು ಹೋಗುತ್ತಿದ್ದುವೆಂದೂ ಅವನು ಹೇಳುತ್ತಾನೆ. ಮಂಗಳೂರಿನ ಪ್ರಸ್ತಾಪ ಬಂದಾಗ ಇನ್ನೂ ಒಂದು ಮಾತನ್ನು ಸೇರಿಸುತ್ತಾನೆ: ಅಲ್ಲಿಂದ ಮಲೆಯಾಳಕ್ಕೆ ಸಾಗುತ್ತಿದ್ದ ಕಪ್ಪುಬಣ್ಣದ ಅಕ್ಕಿಯು ಬಿಳಿಯ ಅಕ್ಕಿಗಿಂತ ಉತ್ತಮವಾದುದು, ಆರೋಗ್ಯಕ್ಕೆ ಹಿತವಾದುದು, ಬೆಲೆಯಲ್ಲಿ ಅಗ್ಗವಾದುದು ಎಂದು. ಬಾರ್ಬೋಸನು ವೈದ್ಯನಲ್ಲ, ಸರಕಿನ ಗುಣದೋಷಗಳನ್ನು ವಿಚಾರಿಸಿ ತಿಳಿದುಕೊಂಡ ವ್ಯವಹಾರಜ್ಞ. ಅವನು ಕಂಡದ್ದು ಕೆಂಪು ತೌಡು ಉಳಿದ ಅಕ್ಕಿಯಾಗಿರಬಹುದು, ಬೇಯಿಸಿ ಕುಟ್ಟಿದುದರಿಂದ ಬಣ್ಣವೇರಿದ ಅಕ್ಕಿಯಾಗಿರಬಹುದು. ಹೇಗಿದ್ದರೂ ಅದು ಬೆಳ್ಳಗೆ ತಿಕ್ಕಿ ತೆಗೆದ ಅಕ್ಕಿಯಲ್ಲ. ಬಿಳಿಯದಲ್ಲದ ಅಕ್ಕಿಯು ಹಿತಕರವೆಂಬ ತಿಳಿವಳಿಕೆಯು ಐದುನೂರು ವರ್ಷಗಳ ಹಿಂದೆಯೇ ಈ ಕರಾವಳಿಯ ಪೇಟೆಗಳಲ್ಲಿ ಇತ್ತೆಂಬುದಕ್ಕೆ ಈ ಮಾತೇ ಸಾಕಷ್ಟು ಪ್ರಮಾಣ.

ಮಲೆಯಾಳದ ಬಂದರುಗಳು ಮೆಣಸಿನ ವ್ಯಾಪಾರದಲ್ಲಿ ಸಮೃದ್ಧವಾಗಿದ್ದರೂ ಅನ್ನಕ್ಕಾಗಿ ಉತ್ತರದ ಕಡೆ ನೋಡಬೇಕಾಗಿತ್ತು. ಮೆಣಸನ್ನು ಅರಸಿಬಂದ ಪೋರ್ಚುಗೀಸರಿಗೆ ಇದು ಬೇಗನೆ ಅರ್ಥವಾಯಿತು. ೧೫೨೬ರಲ್ಲಿ ಲೋಪೊ ವಾಜ್ ದೆ ಸಂಪಾಯೊ ಎಂಬ ಅವರ ಅಧಿಪತಿಯು ಕಲ್ಲಿಕೋಟೆಯ ಸಾಮೂದಿರಿಯ ನೌಕಾಬಲವನ್ನು ಬಾಕನೂರಿನ ನದಿಯಲ್ಲಿಯೇ ಎದುರಿಸಿ ಸೋಲಿಸಿದನು. ಈ ಕರಾವಳಿಯ ಬಂದರುಗಳಿಂದ ಅವರು ಕಪ್ಪವಾಗಿ ಪಡೆದುದೂ ಅಕ್ಕಿಯನ್ನೇ. ಹದಿನೇಳನೆಯ ಶತಮಾನದ ಹೊತ್ತಿಗೆ ಅಕ್ಕಿಯ ವ್ಯಾಪಾರದ ಕೇಂದ್ರವು ಬಾರಕೂರಿನಿಂದ ಬಸರೂರಿಗೆ ಸರಿದಿದ್ದಿತು. ಆ ಕಾಲದ ಬಸರೂರಿನ ಅಕ್ಕಿಯ ವ್ಯಾಪಾರವನ್ನು ಸಂಜಯ ಸುಬ್ರಹ್ಮಣ್ಯಂ ಅವರು ೧೯೮೪ರಲ್ಲಿ ಪ್ರತ್ಯೇಕವಾಗಿ ವಿವೇಚಿಸಿದ್ದಾರೆ. ೧೬೬೫ರಲ್ಲಿ ಶಿವಾಜಿಯು ಸಮುದ್ರಮಾರ್ಗವಾಗಿ ಬಂದು ಸೂರೆಗೊಂಡುದು ಈ ಬಸರೂರನ್ನೇ.

೫

ವ್ಯಾಪಾರಕ್ಕೆ ಅಕ್ಕಿ ಸಿದ್ಧವಾಗಬೇಕಾದರೆ ಯಾರಾದರೂ ಭತ್ತವನ್ನು ಕುಟ್ಟಬೇಕು. ಈ ಶ್ರಮವು ಯಾರದೆಂಬ ಪ್ರಶ್ನೆಯು ಬಾರಕೂರು ಸೀಮೆಯ ಭೂಕಂದಾಯದ ಚರಿತ್ರೆಯಲ್ಲಿ ಒಂದು ವಿಶೇಷ ರೀತಿಯಿಂದ ಬರುತ್ತದೆ. ೧೭೯೯ರಲ್ಲಿ ಕೆನರಾ ದೇಶವು ಇಂಗ್ಲಿಷ್ ಕಂಪನಿಯ ವಶವಾದಾಗ ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಸ್ಥಳೀಯ ಕಡತಗಳನ್ನು ಶೋಧಿಸಿ ಹಳೆಯ ತೆರಿಗೆಯ ಕ್ರಮವನ್ನು ನಿರೂಪಿಸಿದನು. ಆ ಕಾಲದಲ್ಲಿ ಸಂಗ್ರಹವಾದ ವೃತ್ತಾಂತದ ಪ್ರಕಾರ, ಪೂರ್ವದಲ್ಲಿ ಅರಸನು ಉತ್ಪತ್ತಿಯ ಆರನೆಯ ಒಂದು ಪಾಲನ್ನು ಭತ್ತದ ರೂಪದಲ್ಲಿ ತೆಗೆದುಕೊಳ್ಳುತ್ತಿದ್ದನು. ೧೨೫೨ರ ಸುಮಾರಿಗೆ ಪಾಂಡ್ಯ ಅರಸನೊಬ್ಬನು ಅದೇ ಪಾಲನ್ನು ಕುಟ್ಟಿ ಹಸನುಮಾಡಿ ಅಕ್ಕಿಯಾಗಿಯೇ ಒಪ್ಪಿಸಬೇಕೆಂದು ವಿಧಿಸಿದನು. ಇದರಿಂದ ತೆರಿಗೆಯು ಸುಮಾರು ನೂರಕ್ಕೆ ಹತ್ತರಷ್ಟು ಹೆಚ್ಚಿತೆಂದು ಅಧಿಕಾರಿಗಳು ಎಣಿಸಿದರು. ಇದು ಶಾಸನದ ಪ್ರಮಾಣವಲ್ಲ, ಸುಮಾರು ಐದೂವರೆ ಶತಮಾನಗಳ ಬಳಿಕ ದೊರೆತ ಪರಂಪರೆಯ ಹೇಳಿಕೆ. ಆದರೂ ಪಾಲಿನ ಪ್ರಮಾಣವನ್ನು ಮುಟ್ಟದೆ, ಒನಕೆಯ ಕೆಲಸವನ್ನು ಸೇರಿಸಿ ತೆರಿಗೆಯನ್ನು ಏರಿಸುವ ಉಪಾಯವು ಈ ನಾಡಿನ ನೆನಪಿನಲ್ಲಿ ಉಳಿದುಬಂದಿತೆಂಬುದು ಗಮನಾರ್ಹ. ಆ ನೂರಕ್ಕೆ ಹತ್ತು ಮುಖ್ಯವಾಗಿ ಹೆಂಗಸರ ದುಡಿಮೆ.

ವಿಜಯನಗರದ ಹರಿಹರರಾಯನ ಕಾಲದ್ದೆಂದು ಹೇಳುವ ವ್ಯವಸ್ಥೆಯನ್ನು ೧೮೧೦ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಮಾರ್ಕ್ ವಿಲ್ಕ್ಸನು ವಿವರಿಸಿದ್ದಾನೆ. ಎರಡೂವರೆ ಅಳತೆ ಬೀಜಕ್ಕೆ ಮೂವತ್ತು ಅಳತೆ ಭತ್ತವು ಫಲವೆಂದು ಗ್ರಹಿಸಿ, ಅದರಲ್ಲಿ ಒಡೆಯನಿಗೆ ೭½, ಬೇಸಾಯಗಾರನಿಗೆ ೧೫, ಅರಸನಿಗೆ ೫, ಬ್ರಾಹ್ಮಣರಿಗೆ ೧½, ದೇವಸ್ಥಾನಗಳಿಗೆ ೧ ಎಂದು ಹಂಚಲಾಗುತ್ತಿತ್ತು. ಕೊನೆಯ ಎರಡು ಪಾಲುಗಳೂ ಸರಕಾರದ ಮೂಲಕವೇ ಸಲ್ಲುತ್ತಿದ್ದುದರಿಂದ ರೈತನ ದೃಷ್ಟಿಯಲ್ಲಿ ಅರಮನೆಗೆ ಹೋಗುತ್ತಿದ್ದುದು ಒಟ್ಟು ೭½, ಎಂದರೆ ನಾಲ್ಕನೆಯ ಒಂದು ಪಾಲು. ಈ ಪಾಲನ್ನು ಹಣವಾಗಿ ಪರಿವರ್ತಿಸಿದಾಗ ರೈತನು ಪೇಟೆಯ ಬೆಲೆಗೆ ಬಿದ್ದನು. ಧಾನ್ಯದ ಬೆಲೆ ಏರಿದಾಗ ಇದು ಹಗುರ, ಇಳಿದಾಗ ಭಾರ. ಮುಂದೆ ಕೆಳದಿಯ ನಾಯಕರು, ಹೈದರಾಲಿ, ಟಿಪ್ಪು ಸುಲ್ತಾನರ ಕಾಲದಲ್ಲಿ ಇದರ ಮೇಲೆ ಹೆಚ್ಚುವರಿಗಳು ಸೇರಿಕೊಂಡುವು. ೧೮೩೦-೩೧ರಲ್ಲಿ ಬೆಲೆಗಳು ಕುಸಿದಿದ್ದಾಗ ಕೆನರಾದ ರೈತರು ಕೂಟಗಳಾಗಿ ಸೇರಿ ಕಂದಾಯ ಕೊಡಲು ನಿರಾಕರಿಸಿದುದಕ್ಕೆ ಹಿನ್ನೆಲೆ ಇದೇ.

ಒಡೆಯನಿಗೆ ಸಲ್ಲುವ ಗೇಣಿಯಾದರೋ ಹಣವಾಗದೆ ಅಕ್ಕಿಯ ರೂಪದಲ್ಲಿಯೇ ಬಹುಕಾಲ ಉಳಿಯಿತು. ಮೂಲಗೇಣಿಯೇ ಇರಲಿ ಚಾಲಗೇಣಿಯೇ ಇರಲಿ, ಇಷ್ಟು ಮುಡಿ ಅಕ್ಕಿಯೆಂದು ಕರಾರು ಮಾಡಿಕೊಳ್ಳುವುದು ಜಿಲ್ಲೆಯ ವಾಡಿಕೆಯಾಗಿತ್ತು. ಬೆಳೆದು, ಬೇಯಿಸಿ, ಒಣಗಿಸಿ, 
ಕುಟ್ಟಿ, ಕೇರಿ, ಮುಡಿ ಕಟ್ಟಿ, ಒಡೆಯನ ಅಂಗಳಕ್ಕೆ ಹೊತ್ತು ಹಾಕುವವರೆಗಿನ ಕೆಲಸವೆಲ್ಲ ಒಕ್ಕಲಿನದು. ನುಚ್ಚು, ತೌಡು, ಉಮಿ ಅವನಿಗೆ. ಇಡಿಯ ಅಕ್ಕಿ ಒಡೆಯನಿಗೆ. ೧೯೭೪ರ ಮಾರ್ಚಿ ೧ರಿಂದ ಜಾರಿಗೆ ಬಂದ ಭೂಸುಧಾರಣೆಯ ಕಾನೂನು ಗೇಣಿಯನ್ನು ಕೊನೆಗಾಣಿಸುವ ತನಕ ಈ ಕ್ರಮವು ನಡೆದುಬಂದಿತು.

೬

ಈಗ ಅಕ್ಕಿಯನ್ನು ಬೇಯಿಸುವ ಪದ್ಧತಿಯ ಕಡೆ ತಿರುಗಬಹುದು. ಕರಾವಳಿಯ ಮನೆಗಳಲ್ಲಿ ಎರಡು ಬಗೆಯ ಅಕ್ಕಿ ಪ್ರಸಿದ್ಧ: ಭತ್ತವನ್ನು ಹಾಗೆಯೇ ಒಣಗಿಸಿ ಕುಟ್ಟಿದ ಬೆಳ್ತಿಗೆ, ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿ. ದೊಡ್ಡ ಹಂಡೆಯಲ್ಲಿ ನೀರಿನೊಡನೆ ಭತ್ತವನ್ನು ಹಾಕಿ ಸಿಪ್ಪೆ ಬಿರಿಯುವ ತನಕ ಕಾಯಿಸಿ, ಬಸಿದು, ಅಂಗಳದಲ್ಲಿ ಹರಡಿ ಒಣಗಿಸಿದ ಮೇಲೆ ಅದನ್ನು ಕುಟ್ಟುವರು. ಬೇಯಿಸಿದ ಕಾಳು ಗಟ್ಟಿಯಾಗಿ, ಕುಟ್ಟುವಾಗ ನುಚ್ಚಾಗುವುದು ಕಡಿಮೆ. ಸಿಪ್ಪೆಯು ಸುಲಭವಾಗಿ ಬಿಡುತ್ತದೆ. ಮಳೆಗಾಲದಲ್ಲಿ ಹುಳು ಬೀಳುವುದೂ ಕಡಿಮೆ. ಮಳೆಯ ಬೆನ್ನಿಗೇ ಕೊಯ್ಲಾಗುವ ಏಣೆಲಿನ ಒದ್ದೆಭತ್ತಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿರಲಿಲ್ಲ. ಜನರು ಈ ಪದ್ಧತಿಯನ್ನು ಹಿಡಿದುದಕ್ಕೆ ಇಷ್ಟು ಕಾರಣಗಳು ಸಾಕು. ಯಾವುದೋ ಗೂಢವಾದ ವೈದ್ಯಜ್ಞಾನವನ್ನು ಪೂರ್ವಿಕರಿಗೆ ಆರೋಪಿಸಬೇಕಾದ ಅವಶ್ಯವಿಲ್ಲ.

ಬೇಯಿಸಿದ ಧಾನ್ಯವು ಒಮ್ಮೆ ಬೆಂದುದಾದ್ದರಿಂದ ದೇವರ ನೈವೇದ್ಯಕ್ಕೂ ವ್ರತದ ದಿನಗಳಿಗೂ ಬೆಳ್ತಿಗೆಯನ್ನೇ ಬಳಸುವ ಸಂಪ್ರದಾಯವಿದೆ. ಹಬ್ಬದೂಟಕ್ಕೂ ಅತಿಥಿಗೂ ಬೆಳ್ತಿಗೆಯ ಅನ್ನವೇ ಶ್ರೇಷ್ಠವೆಂಬ ಭಾವನೆಯು ಇದರಿಂದ ಬೆಳೆಯಿತು. ದಿನನಿತ್ಯದ ಗಂಜಿಯು ಕುಚ್ಚಲಕ್ಕಿಯದು. ಶಿಲಾಶಾಸನಗಳು ದೇವರ ಅಕ್ಕಿಯ ಲೆಕ್ಕವನ್ನು ಹಾನೆ ಕುಡುತೆಗಳವರೆಗೂ ಬರೆದಿಟ್ಟಿವೆ. ಜನರು ಉಣ್ಣುತ್ತಿದ್ದ ಅಕ್ಕಿಯನ್ನು ಕಲ್ಲಿನ ಮೇಲೆ ಬರೆಯಿಸುವ ಪ್ರಸಂಗವೇ ಬರಲಿಲ್ಲ.

೭

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಉಗಿಯಂತ್ರದ ಅಕ್ಕಿಗಿರಣಿಗಳು ಪೂರ್ವದೇಶಗಳಲ್ಲೆಲ್ಲ ಹರಡಿದುವು. ಅವುಗಳ ಬೆನ್ನಿಗೆ ಬೆರಿಬೆರಿಯೆಂಬ ರೋಗವೂ ಹರಡಿತು. ಕೈಕಾಲುಗಳು ಸೋತು, ಮೈ ಊದಿ, ಹೃದಯವು ದುರ್ಬಲವಾಗಿ ರೋಗಿಯು ಸಾಯುವ ಈ ವ್ಯಾಧಿಯು ಸಾಂಕ್ರಾಮಿಕವೆಂದೇ ವೈದ್ಯರು ಮೊದಲು ತಿಳಿದಿದ್ದರು. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಐಕ್ಮನ್ನನು ಬೆಳ್ಳಗೆ ತಿಕ್ಕಿದ ಅಕ್ಕಿಯನ್ನು ತಿಂದ ಕೋಳಿಗಳಿಗೆ ಇಂಥದೇ ರೋಗ ತಗಲುವುದನ್ನೂ, ತೌಡಿನಿಂದ ಅದು ವಾಸಿಯಾಗುವುದನ್ನೂ ಕಂಡುಹಿಡಿದನು. ಅಲ್ಲಿಯ ಸೆರೆಮನೆಗಳನ್ನು ಪರಿಶೀಲಿಸಿದ ವೋರ್ಡರ್ಮನ್ನನು, ಬಿಳಿಯ ಅಕ್ಕಿ ಕೊಡುವಲ್ಲಿ ಸುಮಾರು ೩೯ ಮಂದಿಗೊಬ್ಬನಿಗೆ ಬೆರಿಬೆರಿಯಿದ್ದರೆ, ತೌಡಿರುವ ಅಕ್ಕಿ ಕೊಡುವಲ್ಲಿ ಹತ್ತು ಸಾವಿರಕ್ಕೊಬ್ಬನಿಗಿಂತ ಹೆಚ್ಚಿಲ್ಲವೆಂದು ೧೮೯೭ರಲ್ಲಿ ತೋರಿಸಿಕೊಟ್ಟನು.

ಕುಚ್ಚಲಕ್ಕಿಯ ಮಹತ್ವವು ಬೆಳಕಿಗೆ ಬಂದುದು ಮಲಯ ದೇಶದಲ್ಲಿ. ಅಲ್ಲಿಯ ಗಣಿಗಳಲ್ಲಿ ಸಯಾಮಿನ ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಚೀನೀ ಕೂಲಿಗಳು ಗುಂಪುಗುಂಪಾಗಿ ರೋಗಕ್ಕೆ ತುತ್ತಾಗುತ್ತಿರಲು, ಬೇಯಿಸಿ ಕುಟ್ಟಿದ ಅಕ್ಕಿಯನ್ನು ಉಣ್ಣುತ್ತಿದ್ದ ತಮಿಳು ಕೂಲಿಗಳು ಅದರಿಂದ ಪಾರಾಗಿದ್ದರು. ಬ್ರ್ಯಾಡನ್ನನೆಂಬ ವೈದ್ಯನು ಇದನ್ನು ೧೯೦೭ರಲ್ಲಿ ಗ್ರಂಥರೂಪವಾಗಿ ಪ್ರತಿಪಾದಿಸಿದನು. ಅದೇ ವರ್ಷ ಪ್ರಕಟವಾದ ಫ್ಲೆಚರನ ಪ್ರಯೋಗವು ಇನ್ನಷ್ಟು ಸ್ಪಷ್ಟವಾದುದು. ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಒಂದು ಗುಂಪಿಗೆ ಬಿಳಿಯ ಅಕ್ಕಿಯನ್ನೂ ಇನ್ನೊಂದಕ್ಕೆ ಬೇಯಿಸಿದ ಭತ್ತದ ಅಕ್ಕಿಯನ್ನೂ ಕೊಟ್ಟು ನೋಡಲು, ರೋಗವು ಮೊದಲನೆಯ ಗುಂಪಿನಲ್ಲಿಯೇ ಹಬ್ಬಿತು. ಇದರ ಕಾರಣವು ಕ್ರಮೇಣ ತಿಳಿದುಬಂದಿತು. ತೌಡು ಮೊಳಕೆಗಳಲ್ಲಿರುವ ಥಯಮಿನ್ ಎಂಬ ಜೀವಸತ್ವವು ನೀರಿನಲ್ಲಿ ಕರಗುವಂಥದು. ಭತ್ತವನ್ನು ಬೇಯಿಸುವಾಗ ಅದು ಹೊರಪದರದಿಂದ ಕಾಳಿನ ಒಳಕ್ಕೆ ಇಳಿಯುತ್ತದೆ; ಪಿಷ್ಟವು ಬೆಂದು ಗಟ್ಟಿಯಾದಾಗ ಅಲ್ಲಿಯೇ ಸೆರೆಯಾಗುತ್ತದೆ; ಆಮೇಲೆ ತೌಡನ್ನು ತೆಗೆದರೂ ಅಕ್ಕಿಯನ್ನು ತೊಳೆದರೂ ಅಷ್ಟಾಗಿ ನಷ್ಟವಾಗುವುದಿಲ್ಲ.

ಭಾರತದಲ್ಲಿ ಈ ವಿಷಯವನ್ನು ಕೂಲಂಕಷವಾಗಿ ಶೋಧಿಸಿದವರು ನೀಲಗಿರಿಯ ಕೂನೂರಿನಲ್ಲಿ ಪೋಷಣ ಸಂಶೋಧನಾಲಯವನ್ನು ಕಟ್ಟಿದ ಮೆಕ್ಯಾರಿಸನ್ನರೂ, ೧೯೩೫ರಿಂದ ಅದರ ನಿರ್ದೇಶಕರಾಗಿದ್ದ ಐಕ್ರಾಯ್ಡರೂ. ಅಂದಿನ ಮದರಾಸು ಅಧಿಪತ್ಯದಲ್ಲಿ ಬೆರಿಬೆರಿಯು ಉತ್ತರ ಸರ್ಕಾರಗಳೆಂಬ ತೆಲುಗು ಕರಾವಳಿಯಲ್ಲಿ ನೆಲೆಯೂರಿತ್ತು. ಅಲ್ಲಿಯ ಜನರು ಗಿರಣಿಯಲ್ಲಿ ತಿಕ್ಕಿದ ಹಸಿಯಕ್ಕಿಯನ್ನು ಉಣ್ಣುವವರು. ಕುಚ್ಚಲಕ್ಕಿಯನ್ನು ಉಣ್ಣುವ ಪಶ್ಚಿಮ ಕರಾವಳಿಯು ಆ ರೋಗದ ನೆಲೆಗೆ ಸೇರಿರಲಿಲ್ಲ. ಎರಡೂ ಕರಾವಳಿ, ಎರಡರಲ್ಲಿಯೂ ಅನ್ನವೇ ಆಹಾರ, ಆಡಳಿತವೂ ಒಂದೇ. ಭೇದವಿದ್ದುದು ಕುಟ್ಟುವ ಮೊದಲು ಭತ್ತವನ್ನು ಬೇಯಿಸುವ ಒಂದು ಕ್ರಮದಲ್ಲಿ. ಐಕ್ರಾಯ್ಡರೂ ಅವರ ಸಹೋದ್ಯೋಗಿಗಳೂ ೧೯೪೦ರಲ್ಲಿ ಪ್ರಕಟಿಸಿದ ಅಕ್ಕಿಯ ಸಮಸ್ಯೆಯ ವರದಿಯಲ್ಲಿ ಈ ಕ್ರಮಕ್ಕೆ ಪ್ರೋತ್ಸಾಹ ದೊರೆಯಬೇಕೆಂದು ಸೂಚಿಸಿದರು. ಬಾರಕೂರಿನ ಸುತ್ತಲಿನ ಒಕ್ಕಲುಗಳು ಸೌದೆ ಒಟ್ಟಿ ಹಂಡೆ ಇಟ್ಟುದರ ಬೆಲೆಯು ಹೀಗೆ ಪ್ರಯೋಗಶಾಲೆಯಲ್ಲಿ ತೂಕಕ್ಕೆ ಬಂದಿತು. ಒನಕೆಯ ಕಾಲ ಮುಗಿದು ಗಿರಣಿಯ ಕಾಲ ಬಂದಾಗಲೂ ಇಲ್ಲಿಯ ಗಿರಣಿಗಳು ಬೇಯಿಸಿದ ಭತ್ತವನ್ನೇ ಅರೆದುದರಿಂದ, ಯಂತ್ರವು ಬೇರೆಡೆ ತಂದ ಅನರ್ಥವು ಇಲ್ಲಿಗೆ ಬರಲಿಲ್ಲ. ಗಂಜಿಯನ್ನು ಬಸಿದು ಚೆಲ್ಲದೆ ತಿಳಿಯೊಡನೆ ಕುಡಿಯುವ ಅಭ್ಯಾಸವೂ ಇದಕ್ಕೆ ಸಹಾಯಕವಾಯಿತು.

೮

ಕುಚ್ಚಲಕ್ಕಿಯನ್ನು ಸರ್ವರೋಗಪರಿಹಾರವೆಂದು ಹೊಗಳುವುದು ಇಲ್ಲಿಯ ಉದ್ದೇಶವಲ್ಲ. ಕೇವಲ ಗಂಜಿ ಉಪ್ಪಿನಲ್ಲಿ ದಿನ ಕಳೆದ ಕೂಲಿಯಾಳುಗಳಿಗೆ ಬೆರಿಬೆರಿ ಬರದಿದ್ದರೂ ಹಸಿವೂ ನಿಶ್ಶಕ್ತಿಯೂ ತಪ್ಪಲಿಲ್ಲ. ಬೇಯಿಸುವ ಕೆಲಸವು ಹಾಡಿಯ ಸೌದೆಯನ್ನೂ ಹೆಂಗಸರ ಹಗಲಿರುಳುಗಳನ್ನೂ ನುಂಗಿತು. ಅಕ್ಕಿ ಹೇರಳವಾಗಿ ಹಡಗು ಹತ್ತಿದ ಕಾಲದಲ್ಲಿಯೂ ಬೆಳೆದವನ ಮನೆಯಲ್ಲಿ ಮಳೆಗಾಲದ ಕೊನೆಗೆ ಕಣಜವು ಬರಿದಾಗುತ್ತಿತ್ತು. ವಾಣಿಜ್ಯದ ಸಮೃದ್ಧಿಯೂ ಜನರ ಆರೋಗ್ಯವೂ ಒಂದೇ ಅಲ್ಲವೆಂಬುದನ್ನು ಬಾರಕೂರಿನ ಚರಿತ್ರೆಯು ಈ ಬಗೆಯಾಗಿಯೂ ತಿಳಿಸುತ್ತದೆ.

ಹಳೆಯ ವ್ಯವಸ್ಥೆಯು ಈಗ ಬಹುಮಟ್ಟಿಗೆ ಅಳಿದಿದೆ. ಹಂಗಾರಕಟ್ಟೆಯು ರಾಜ್ಯದ ಸಣ್ಣ ಬಂದರುಗಳಲ್ಲೊಂದಾಗಿ ಉಳಿದಿದೆಯಾದರೂ ಹೊರ್ಮುಜಿಗೆ ಅಕ್ಕಿ ಹೊರುವ ಹಡಗುಗಳ ಕಾಲ ಮುಗಿದುಹೋಗಿದೆ. ಇಬ್ನ್ ಬತೂತನು ಮೆಚ್ಚಿದ ಕಬ್ಬನ್ನು ನಂಬಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಬ್ರಹ್ಮಾವರದಲ್ಲಿ ನಡೆದ ಸಹಕಾರಿ ಸಕ್ಕರೆ ಕಾರಖಾನೆಯೂ ಮುಚ್ಚಿತು. ಭೂಮಿಯು ಉಳುವವನ ಕೈಸೇರಿದ ಬಳಿಕ ಮನೆಮನೆಯ ಮಕ್ಕಳು ವಿದ್ಯೆ ಕಲಿತು ಮುಂಬಯಿಗೂ ಕೊಲ್ಲಿಯ ದೇಶಗಳಿಗೂ ಉದ್ಯೋಗಕ್ಕಾಗಿ ಹೋದರು, ಕೂಲಿ ದುಬಾರಿಯಾಯಿತು, ಬೆಟ್ಟು ಮಜಲುಗಳು ಮೊದಲು, ಬೈಲುಗಳು ಆಮೇಲೆ ಹಡಿಲು ಬಿದ್ದುವು. ೨೦೨೧ರಲ್ಲಿ ಉಡುಪಿಯ ಸುತ್ತಮುತ್ತ ಹಡಿಲು ಭೂಮಿಯನ್ನು ಮರಳಿ ಉಳುವ ಆಂದೋಲನವೇ ನಡೆಯಬೇಕಾಯಿತು. ಪಡಿತರದ ಅಂಗಡಿಯಲ್ಲಿ ಸ್ಥಳೀಯ ಕೆಂಪು ಕುಚ್ಚಲಕ್ಕಿಯನ್ನು ಕೊಡಬೇಕೆಂಬ ಬೇಡಿಕೆಯು ಕರಾವಳಿಯಲ್ಲಿ ಮತ್ತೆ ಮತ್ತೆ ಕೇಳಿಬಂದಿದೆ. ಬೆರಿಬೆರಿಯ ಭಯವು ಹೋಗಿರುವ ಈ ಕಾಲದಲ್ಲಿ ಬೆಳ್ಳಗೆ ತಿಕ್ಕಿದ ಅಕ್ಕಿಯ ಅತಿಯಾದ ಬಳಕೆಗೂ ಮಧುಮೇಹಕ್ಕೂ ಇರುವ ಸಂಬಂಧವನ್ನು ವೈದ್ಯರು ವಿಚಾರಿಸುತ್ತಿದ್ದಾರೆ.

ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರವು ಈಗ ಕೆಳದಿ ಶಿವಪ್ಪ ನಾಯಕನ ಹೆಸರಿನ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹದಿನೇಳನೆಯ ಶತಮಾನದಲ್ಲಿ ಭೂಮಿಯ ಸಾರವನ್ನು ಅಳೆದು ಶಿಸ್ತನ್ನು ವಿಧಿಸಿದ ಅರಸನ ಹೆಸರಿನಲ್ಲಿ, ಅದೇ ಭೂಮಿಗೆ ತಕ್ಕ ಭತ್ತದ ತಳಿಗಳ ಪರೀಕ್ಷೆಯು ನಡೆಯುತ್ತಿದೆ. ಈ ಸೀಮೆಯ ರೈತರು ಹೆಚ್ಚಾಗಿ ಬಿತ್ತುವ ಎಂ.ಓ. ೪ ಎಂಬ ಕೆಂಪಕ್ಕಿಯ ತಳಿಯು ಕೇರಳದ ಮೊಂಕೊಂಬಿನಿಂದ ಬಂದುದು. ಒಂದು ಕಾಲಕ್ಕೆ ಮಲೆಯಾಳಕ್ಕೆ ಅಕ್ಕಿಯನ್ನು ಕೊಟ್ಟ ನಾಡು ಇಂದು ಮಲೆಯಾಳದಿಂದ ಬೀಜವನ್ನು ಪಡೆದಿದೆ. ಕುಚ್ಚಲಕ್ಕಿಗೆ ಯೋಗ್ಯವಾದುದೆಂಬ ಗುಣವೇ ಆ ತಳಿಯನ್ನು ಇಲ್ಲಿ ನೆಲೆಗೊಳಿಸಿತು.

ಬಾರಕೂರಿನ ಕೋಟೆಕೊತ್ತಲಗಳನ್ನೂ ಶಾಸನಗಳನ್ನೂ ಕಾಪಾಡಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅವುಗಳ ಜೊತೆಗೆ ಮುಡಿ ಕಟ್ಟುವ ಕೈಗಳೂ, ಗದ್ದೆಯ ತರಗತಿಗಳನ್ನು ನೋಡಿದೊಡನೆ ಹೇಳಬಲ್ಲ ಹಿರಿಯರೂ, ಬೈಲಿನಲ್ಲಿ ನೀರು ನಿಲ್ಲುವ ದಿನಗಳ ಲೆಕ್ಕವೂ ಚರಿತ್ರೆಯ ಸಾಮಗ್ರಿಗಳೇ ಎಂಬುದನ್ನು ವಿದ್ವಾಂಸರು ಮನಗಾಣಬೇಕು. ಶಾಸನಗಳ ಪಾಠವು ಅಚ್ಚಾಗಿ ಸುರಕ್ಷಿತವಾಗಿದೆ. ಈ ಸಾಮಗ್ರಿಯು ಇನ್ನೂ ಬರೆಹಕ್ಕೆ ಬರಬೇಕಾಗಿದೆ. ಕೃಷಿಶಾಸ್ತ್ರಜ್ಞರೂ ವೈದ್ಯರೂ ಚರಿತ್ರಕಾರರೂ ಇದನ್ನು ಒಟ್ಟಿಗೆ ಸಂಗ್ರಹಿಸಿದರೆ, ಹತ್ತು ಕೇರಿಯ ಹಲರ ಚರಿತ್ರೆಯೊಡನೆ ಅವರಿಗೆ ಅನ್ನವಿಕ್ಕಿದವರ ಚರಿತ್ರೆಯೂ ಪೂರ್ಣವಾಗುವುದು.